ಯಾವ ದೇಶದ ಸುಸ್ತು

ಆ ಬೀದಿಯಲ್ಲಿ ಮೇಷ್ಟ್ರಿಗೆ ‘ನಿಘಂಟು’ ಎಂದು ಅಡ್ಡಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ಎದುರಿಗೆ ಮೇಷ್ಟ್ರೇ ಎನ್ನುತ್ತಿದ್ದರು, ಬೆನ್ನು ತಿರುಗಿದರೆ ನಿಘಂಟು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಅವರ ಮುಂದೆ ಯಾರು ಏನೇ ಆಡಲಿ, ಆ ಮಾತನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿ, ಎಲ್ಲಿಂದ ಬಂದೆ, ನಿಮ್ಮಪ್ಪ ಯಾರು ಎಂದು ವಿಚಾರಿಸದೆ ಒಳಗೆ ಬಿಡುತ್ತಿರಲಿಲ್ಲ. ಕುರ್ಚಿ ತಗೊಳ್ಳಿ ಎಂದರೆ ಕುರ್ಚಿ ಅರಬ್ಬಿಯದು ಎನ್ನುವರು. ಚಾವಿ ಎಲ್ಲಿಟ್ರಿ ಎಂದು ಹೆಂಡತಿ ಕೇಳಿದರೆ ಪೋರ್ಚುಗೀಸರ ಹಡಗು ಹತ್ತಿ ಹೊರಟೇಬಿಡುವರು. ಕೊನೆಗೆ ಚಾವಿಯನ್ನು ಹೆಂಡತಿಯೇ ಹುಡುಕಿಕೊಳ್ಳಬೇಕಾಗುತ್ತಿತ್ತು.

ಹೊಟ್ಟೆಪಾಡಿಗೆ ಶಾಲೆಯಲ್ಲಿ ಭಾಷೆ ಕಲಿಸುತ್ತಿದ್ದರು. ಆದರೆ ಅವರ ಜೀವ ಇದ್ದದ್ದು ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಬರುತ್ತಿದ್ದ ‘ಪದದ ತವರು’ ಎಂಬ ಅಂಕಣದಲ್ಲಿ. ದಿನಬಳಕೆಯ ಒಂದು ಪದ ಹಿಡಿದು, ಅದು ಯಾವ ಭಾಷೆಯಲ್ಲಿ ಹುಟ್ಟಿ, ಎಲ್ಲೆಲ್ಲಿ ಸಂಸಾರ ಮಾಡಿ, ಯಾವ ವೇಷದಲ್ಲಿ ನಮ್ಮ ಬಾಯಿಗೆ ಬಂತು ಎಂದು ನಗಿಸುತ್ತ ಬರೆಯುತ್ತಿದ್ದರು. ಬರವಣಿಗೆ ಚೆನ್ನಾಗಿಯೇ ಇತ್ತು. ಅದರಲ್ಲಿ ತಕರಾರಿಲ್ಲ.

ಅವರ ಹೆಂಡತಿ ಮನೆಯ ಕೆಳಗಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದರು. ಬೀದಿಗೆಲ್ಲ ಅವರು ಟೈಲರಮ್ಮ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಒಂದು ಮೆಟ್ಟಿಲು. ಮೇಷ್ಟ್ರ ಮೇಜು ಇದ್ದದ್ದು ಮೇಲಿನ ಮನೆಯಲ್ಲಿ, ಕಿಟಕಿಯ ಪಕ್ಕ. ಕೆಳಗಿಂದ ದಿನವಿಡೀ ಮೆಷಿನ್ನಿನ ಸದ್ದು ಬರುತ್ತಿತ್ತು, ಅದು ಮೇಷ್ಟ್ರಿಗೆ ಸ್ವಲ್ಪ ಕಿರಿಕಿರಿ.

"ದರ್ಜಿ ಅನ್ನೋ ಪದ ಬಂದಿದ್ದು ಪರ್ಷಿಯನ್ನಿಂದ, ನಿನ್ನ ಬೋರ್ಡಲ್ಲಿರೋ ಟೈಲರ್ ಹೊರಟಿದ್ದು ಫ್ರೆಂಚಿಂದ, ಗೊತ್ತಾ?" ಎಂದು ಅವರು ಒಮ್ಮೆ ಹೇಳಿದ್ದರು.

"ಎಲ್ಲಿಂದಾದ್ರೂ ಬರ್ಲಿ ಬಿಡಿ, ಹೊಲಿಯೋಕೆ ಮಾತ್ರ ಅಲ್ಲಿಂದ ಯಾರೂ ಬರಲ್ಲ," ಎಂದು ಟೈಲರಮ್ಮ ಹಲ್ಲಲ್ಲಿ ದಾರ ಕಡಿದಿದ್ದರು.

ಮೇಷ್ಟ್ರು ಕೆಟ್ಟ ಮನುಷ್ಯರೇನಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವರಲ್ಲ, ದನಿ ಎತ್ತಿದವರೂ ಅಲ್ಲ. ಕುಡಿತ, ಇಸ್ಪೀಟು ಯಾವುದೂ ಇರಲಿಲ್ಲ. ಇದ್ದ ಐಬು ಒಂದೇ. ಅವರಿಗೆ ಮಾತು ಕೇಳಿಸುತ್ತಿತ್ತು, ಆಡಿದವರು ಕೇಳಿಸುತ್ತಿರಲಿಲ್ಲ. ಇಂಥ ಗಂಡಸರು ಎಲ್ಲ ಬೀದಿಗಳಲ್ಲೂ ಇದ್ದಾರೆ, ಅವರೆಲ್ಲ ಅಂಕಣ ಬರೆಯುವುದಿಲ್ಲ ಅಷ್ಟೇ.

ಒಂದು ದಿನ ಬೆಳಿಗ್ಗೆ ಅಂಕಣ ಕಳಿಸುವ ಹೊತ್ತಾದರೂ ಮೇಷ್ಟ್ರಿಗೆ ಪದವೇ ಸಿಕ್ಕಿರಲಿಲ್ಲ. ಪೆನ್ನಿನ ಹಿಂಬದಿ ಕಚ್ಚುತ್ತ, ಅತ್ತಿಂದಿತ್ತ ಓಡಾಡುತ್ತ, ಕೊನೆಗೆ ಮೆಟ್ಟಿಲ ತಲೆಯಲ್ಲಿ ಬಂದು ನಿಂತರು. ಕೆಳಗಿಂದ ಟೈಲರಮ್ಮ ಹತ್ತಿ ಬರುತ್ತಿದ್ದರು, ಕಂಕುಳಲ್ಲಿ ಬಟ್ಟೆಯ ದೊಡ್ಡ ಗಂಟು. ಶಾಲೆ ಮಕ್ಕಳ ಸಮವಸ್ತ್ರ. ಗುಂಡಿ ಹಾಕುವುದು, ಅಂಚು ಮಡಿಸುವುದು ಎಲ್ಲ ಅವರು ಮೇಲೆಯೇ ಕೂತು ಮಾಡುತ್ತಿದ್ದರು. ಅರ್ಧ ಹತ್ತಿದವರು ತಿರುವಿನಲ್ಲಿ ನಿಂತರು. ಗಂಟು ಕೆಳಗಿಟ್ಟು, ಗೋಡೆ ಹಿಡಿದು, ಅದರ ಪಕ್ಕದಲ್ಲೇ ಕೂತುಬಿಟ್ಟರು.

"ರೀ, ಯಾಕೋ ಗೊತ್ತಿಲ್ಲ. ಈಚೆಗೆ ತುಂಬಾ ಸುಸ್ತು ಕಣ್ರೀ."

ಮೇಷ್ಟ್ರ ಮುಖ ಅರಳಿತು. "ಏನಂದೆ?"

"ಸುಸ್ತು ಅಂದೆ."

"ಸುಸ್ತು!" ಮೇಷ್ಟ್ರು ತೊಡೆ ತಟ್ಟಿಕೊಂಡರು. "ಭಲೇ! ಇಷ್ಟು ದಿನ ಇದು ನನ್ನ ಕೈಗೆ ಸಿಗದೆ ಹೇಗೆ ತಪ್ಪಿಸ್ಕೊಂಡಿತ್ತು ಅಂತೀನಿ!"

"ಈ ಗಂಟು ಒಂಚೂರು ಮೇಲಕ್ಕೆ..." ಎಂದು ಟೈಲರಮ್ಮ ತಲೆಯೆತ್ತುವಷ್ಟರಲ್ಲಿ ಮೆಟ್ಟಿಲ ತಲೆ ಖಾಲಿಯಾಗಿತ್ತು. ಮೇಲೆ ಕುರ್ಚಿ ಎಳೆದ ಸದ್ದು ಕೇಳಿತು. ಅವರು ಗಂಟಿನ ಮೇಲೆ ಕೈಯಿಟ್ಟುಕೊಂಡು ತುಂಬ ಹೊತ್ತು ಅಲ್ಲೇ ಕೂತಿದ್ದರು.

ಅಂಕಣ ತಾನಾಗಿಯೇ ಹರಿದು ಬಂತು. ‘ನಮ್ಮ ಮನೆಯಾಕೆ ಇಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕುಸಿದು ಕೂತು, ಸುಸ್ತು ಎಂದಳು’ ಎಂದೇ ಶುರು. ಪರ್ಷಿಯನ್ನಿನಲ್ಲಿ ಈ ಪದಕ್ಕೆ ಸಡಿಲ, ಬಿಗಿಯಿಲ್ಲದ್ದು, ಗಟ್ಟಿಯಿಲ್ಲದ್ದು ಎಂದರ್ಥ. ಹಿಂದಿಗೆ ಬಂದಾಗ ಅದೇ ಪದ ಮೈಗಳ್ಳನಾಯಿತು. ಅಲ್ಲಿ ಯಾರನ್ನಾದರೂ ಸುಸ್ತ್ ಎಂದರೆ ಬೈದಂತೆ, ಸೋಮಾರಿ ಎಂದಂತೆ. ಕನ್ನಡಕ್ಕೆ ಬಂದು ಮರ್ಯಾದಸ್ತನಾಗಿ ದಣಿವು, ಆಯಾಸ ಎಂದಾಯಿತು. ಇಷ್ಟು ಹೇಳಿ ಮೇಷ್ಟ್ರು ಕೊನೆಗೆ ಬರೆದರು: ‘ಹಾಗಾದರೆ ನಮ್ಮ ಮನೆಯಾಕೆಯದು ಯಾವ ದೇಶದ ಸುಸ್ತು? ನನಗೆ ಒಂದು ಅನುಮಾನವಿದೆ. ಆದರೆ ಈ ರಾತ್ರಿಯ ಊಟ ಇನ್ನೂ ಬಾಕಿ ಇರುವುದರಿಂದ ಬಾಯಿ ಬಿಡಲಾರೆ.’

ಇದಕ್ಕೂ ಮುಂಚೆ ಇನ್ನೊಂದು ವಾಕ್ಯ ಇತ್ತು. ತೆಲುಗಿನಲ್ಲಿ ಇದೇ ಪದ ಸುಸ್ತಿ ಎಂದಾಗಿ ಕಾಯಿಲೆ ಎಂಬ ಅರ್ಥ ಪಡೆದಿದೆ, ಅಲ್ಲಿ ಸುಸ್ತಿ ಮಾಡಿದೆ ಎಂದರೆ ಹುಷಾರು ತಪ್ಪಿದೆ ಎಂದು. ಮೇಷ್ಟ್ರು ಬರೆದದ್ದನ್ನು ಜೋರಾಗಿ ಓದಿ ನೋಡಿದರು. ಆ ವಾಕ್ಯ ಬಂದೊಡನೆ ನಗು ಸಪ್ಪಗಾಗುತ್ತಿತ್ತು. ಮೈಗಳ್ಳತನದ ತಮಾಷೆಗೂ ಊಟದ ತಮಾಷೆಗೂ ನಡುವೆ ಕಾಯಿಲೆ ಯಾಕೆ ಎಂದು ಅದನ್ನು ಹೊಡೆದುಹಾಕಿದರು. ಆಮೇಲೆ ಓದಿದರೆ ಎಲ್ಲವೂ ಸಲೀಸಾಗಿ ಹೋಯಿತು. ಪತ್ರಿಕೆಗೆ ಕಳಿಸಿ, ಕೈ ಉಜ್ಜಿಕೊಂಡು, ಊಟಕ್ಕೆ ಏನಿದೆ ಎಂದು ಕೂಗಿದರು.

ಅಂಕಣ ಅಚ್ಚಾದ ದಿನ ಬೀದಿಯೆಲ್ಲ ನಕ್ಕಿತು. ಸಂಪಾದಕರು ಫೋನ್ ಮಾಡಿ, ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ ಮೇಷ್ಟ್ರೇ ಎಂದರು. ಹಾಲಿನವನು ಅಂಗಡಿ ಬಾಗಿಲಲ್ಲಿ ನಿಂತು, "ಏನ್ ಟೈಲರಮ್ಮಾ, ಇವತ್ತು ಪರ್ಷಿಯಾದ್ದೋ ಹಿಂದಿದೋ?" ಎಂದ. ಪರದೆ ಹೊಲಿಯಲು ಕೊಟ್ಟಿದ್ದ ಎದುರು ಮನೆಯಾಕೆ, "ಅವಸರ ಏನಿಲ್ಲಮ್ಮಾ, ನಿಮ್ ಸುಸ್ತೆಲ್ಲ ಮುಗಿದ್ಮೇಲೆ ಕೊಡಿ," ಎಂದು ಕಣ್ಣು ಮಿಟುಕಿಸಿದಳು. ಟೈಲರಮ್ಮ ಎಲ್ಲರ ಜೊತೆ ತಾವೂ ನಕ್ಕರು. ನಗದೆ ಏನು ಮಾಡುತ್ತಾರೆ? ಸಿಟ್ಟು ಮಾಡಿಕೊಂಡಿದ್ದರೆ, ತಮಾಷೆ ಗೊತ್ತಾಗದ ಹೆಂಗಸು ಎಂಬ ಇನ್ನೊಂದು ಹೆಸರು ಬೀಳುತ್ತಿತ್ತು.

ಆದರೆ ಅಂದಿನಿಂದ ಆ ಪದ ಅವರ ಬಾಯಲ್ಲಿ ಬರಲಿಲ್ಲ.

ಮೇಷ್ಟ್ರು ಇದನ್ನು ಗಮನಿಸಿದರು. ಪದಗಳ ವಿಷಯದಲ್ಲಿ ಅವರ ಕಿವಿ ಚುರುಕು. ಶಾಲೆಯಲ್ಲಿ ಗಣಿತದ ಮೇಷ್ಟ್ರಿಗೆ ಹೇಳಿಕೊಂಡರು ಕೂಡ. "ನೋಡಿ, ಒಂದೇ ಒಂದು ಅಂಕಣ. ನಮ್ಮನೇಲಿ ಸುಸ್ತೇ ವಾಸಿಯಾಗೋಯ್ತು!" ಈಚೆಗೆ ಮಧ್ಯಾಹ್ನದ ಹೊತ್ತು ಕೆಳಗಿನ ಮೆಷಿನ್ನಿನ ಸದ್ದು ಆಗಾಗ ನಿಲ್ಲುತ್ತಿತ್ತು, ಒಮ್ಮೊಮ್ಮೆ ತುಂಬ ಹೊತ್ತು. ಅಬ್ಬಾ, ಈಗ ನೆಮ್ಮದಿಯಾಗಿ ಓದಬಹುದು ಎಂದು ಅವರು ಕಿಟಕಿ ತೆರೆದಿಡುತ್ತಿದ್ದರು.

ಮಗಳು ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಹೋದರೆ ಸಂಜೆಗೆ ಬರುವವಳು. ಒಂದು ದಿನ ಅವಳು ಕೇಳಿದಳು, "ಅಪ್ಪಾ, ಅಮ್ಮ ಯಾಕೆ ಕೆಳಗೇ ಮಲಗ್ತಿದ್ದಾಳೆ?"

"ಶಾಲೆ ಶುರುವಾಗೋ ಕಾಲ. ಕೆಲಸ ಜಾಸ್ತಿ ಇರುತ್ತೆ."

"ಕೆಲಸ ಜಾಸ್ತಿ ಇದ್ರೆ ಬಟ್ಟೆ ಮುಗೀಬೇಕಲ್ಲ. ಗಂಟು ಗಂಟು ಹಾಗೇ ಬಿದ್ದಿದೆ."

ಟೈಲರಮ್ಮನನ್ನೇ ಕೇಳಿದರೆ, ಮೇಲೆ ಸೆಕೆ ಎಂದರು. ಇನ್ನೊಂದು ದಿನ ಮೆಟ್ಟಿಲು ಹತ್ತಿ ಇಳಿಯುವುದು ಯಾರು ಎಂದರು. ಮೇಷ್ಟ್ರು ಒಂದು ಬೆಳಿಗ್ಗೆ ಪತ್ರಿಕೆ ತರಲು ಇಳಿದಾಗ, ಹೆಂಡತಿ ಗೋಡೆಯ ಬಳಿ ಬಟ್ಟೆಯ ಗಂಟುಗಳಿಗೆ ಬೆನ್ನು ಕೊಟ್ಟು ಕೂತಲ್ಲೇ ನಿದ್ದೆ ಹೋಗಿದ್ದನ್ನು ಕಂಡರು. ಕೆಲಸ ಮಾಡುತ್ತ ಮಾಡುತ್ತ ಕಣ್ಣು ಹತ್ತಿದೆ ಎಂದುಕೊಂಡು, ಸದ್ದಾಗದಂತೆ ಪತ್ರಿಕೆ ಎತ್ತಿಕೊಂಡು ಮೇಲೆ ಹೋದರು. ಎಬ್ಬಿಸದೆ ಬಂದೆನಲ್ಲ ಎಂದು ತಮ್ಮ ಬಗ್ಗೆ ತಮಗೇ ಮೆಚ್ಚುಗೆಯೂ ಆಯಿತು.

ಅಷ್ಟರಲ್ಲಿ ಊರಿನ ಗ್ರಂಥಾಲಯದ ಓದುಗರ ಸಂಘದವರು ಮೇಷ್ಟ್ರನ್ನು ಭಾಷಣಕ್ಕೆ ಕರೆದರು. ಬೇರೆ ಯಾವ ಪದವೂ ಬೇಡ, ಸುಸ್ತಿನ ಕಥೆಯೇ ಬೇಕು ಎಂದು ಹಟ. ಮೇಷ್ಟ್ರು ಹೊಸ ಅಂಗಿ ಇಸ್ತ್ರಿ ಮಾಡಿಸಿಕೊಂಡರು.

"ನೀನೂ ಬರಬೇಕು," ಎಂದರು ಹೆಂಡತಿಗೆ. "ಕಥೆಯ ನಾಯಕಿ ನೀನೇ. ನೀನೇ ಇಲ್ದೆ ಹೇಗೆ?"

ಟೈಲರಮ್ಮ ಕೇಳಿದರು, "ಸಭೆ ಎಲ್ಲಿ? ಮೇಲಿನ ಹಾಲಲ್ಲಾ?"

"ಹೂಂ, ಮೇಲೇನೇ."

"ಮೆಟ್ಟಿಲು ಜಾಸ್ತಿನಾ?"

"ಮೆಟ್ಟೋದಕ್ಕೆ ಇರೋದ್ರಿಂದಲೇ ಅದು ಮೆಟ್ಟಿಲು. ಅಪ್ಪಟ ನಮ್ಮದೇ ಪದ, ಯಾವ ದೇಶದಿಂದಲೂ ತಂದಿದ್ದಲ್ಲ," ಎಂದು ಮೇಷ್ಟ್ರು ನಕ್ಕರು. ಜಾಸ್ತಿಯೋ ಕಡಿಮೆಯೋ ಹೇಳಲಿಲ್ಲ.

ಸಭೆಯ ದಿನ ಆ ಮೆಟ್ಟಿಲನ್ನು ಟೈಲರಮ್ಮ ಮಗಳ ಭುಜ ಹಿಡಿದು, ನಿಂತು ನಿಂತು ಹತ್ತಿದರು. ಮೇಷ್ಟ್ರು ಸಂಘದ ಕಾರ್ಯದರ್ಶಿಯ ಜೊತೆ ಮಾತಾಡುತ್ತ ಆಗಲೇ ಮೇಲೆ ತಲುಪಿದ್ದರು. ಹಾಲ್ ತುಂಬಿತ್ತು. ಟೈಲರಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಅವರ ಮುಖ ಬಿಳುಚಿತ್ತು, ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಮಗಳು ತನ್ನ ಕರವಸ್ತ್ರ ಕೊಟ್ಟು, "ಅಮ್ಮಾ, ವಾಪಸ್ ಹೋಗೋಣ್ವಾ?" ಎಂದಳು. ಅಮ್ಮ ಬೇಡವೆಂದು ಕೈಯಾಡಿಸಿದರು. ಗಂಡನ ಭಾಷಣ, ನಡುವೆ ಎದ್ದು ಹೋದರೆ ಚೆನ್ನಾಗಿರುತ್ತದೆಯೇ?

ಮೇಷ್ಟ್ರಿಗೆ ಅಂದು ಮಾತು ಕೈಹಿಡಿದಿತ್ತು. ಪರ್ಷಿಯಾದ ಸಡಿಲ ಹಗ್ಗದಿಂದ ಹಿಡಿದು ಹಿಂದಿಯ ಮೈಗಳ್ಳನವರೆಗೆ ಜನರನ್ನು ನಗಿಸುತ್ತ ಬಂದರು. ಕೊನೆಯ ತಮಾಷೆಗೆ ಬಂದಾಗ ಮುಂದಿನ ಸಾಲಿಗೆ ಬೆರಳು ತೋರಿಸಿದರು. "ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಇಲ್ಲೇ ಕೂತಿದ್ದಾರೆ. ಯಾವ ದೇಶದ ಸುಸ್ತು ಅಂತ ಅವರನ್ನೇ ಕೇಳಿಬಿಡೋಣ!"

ಸಭೆಯೆಲ್ಲ ಕತ್ತು ಚಾಚಿತು. ಟೈಲರಮ್ಮ ನಗಲು ನೋಡಿದರು. ಏಳಬೇಕೆಂದುಕೊಂಡರೋ ಏನೋ, ಕುರ್ಚಿಯ ತೋಳು ಹಿಡಿದು ಅರ್ಧ ಎದ್ದರು. ಕೈ ಜಾರಿತು. ಮೈ ಒಂದು ಕಡೆಗೆ ವಾಲಿ, ಮೆಲ್ಲಗೆ ಕುರ್ಚಿಯಿಂದ ನೆಲಕ್ಕೆ ಸರಿಯಿತು.

ಹಾಲ್ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿಂದ ಮೇಷ್ಟ್ರೂ ನಕ್ಕರು. ಮೈಕಿಗೆ ಬಾಯಿ ತಂದು, "ನೋಡಿ, ನೋಡಿ, ಪ್ರಾತ್ಯಕ್ಷಿಕೆ!" ಎಂದರು.

"ಅಪ್ಪಾ, ನಗಬೇಡಾ!"

ಮಗಳು ನೆಲದ ಮೇಲೆ ಕೂತು ಅಮ್ಮನ ತಲೆಯನ್ನು ಎತ್ತಿ ಹಿಡಿದಿದ್ದಳು. ಅವಳ ಕೂಗಿಗೆ ನಗು ಮುಂದಿನ ಸಾಲಿನಲ್ಲಿ ನಿಂತಿತು. ಹಿಂದಿನವರಿಗೆ ಇನ್ನೂ ವಿಷಯ ತಿಳಿಯದೆ ಅಲ್ಲಿ ಸ್ವಲ್ಪ ಹೊತ್ತು ನಡೆದೇ ಇತ್ತು. ಮೇಷ್ಟ್ರ ಕೊನೆಯ ಮಾತು ಧ್ವನಿವರ್ಧಕದಲ್ಲಿ ದೊಡ್ಡದಾಗಿ ಹೋಗಿತ್ತು, ಅದನ್ನು ವಾಪಸ್ ತರಲು ಯಾರಿಂದಲೂ ಆಗುವಂತಿರಲಿಲ್ಲ. ಅವರು ವೇದಿಕೆ ಇಳಿಯಲು ಹೋಗಿ ಮೈಕಿನ ವೈರಿಗೆ ಕಾಲು ಸಿಕ್ಕಿಸಿಕೊಂಡು ಎಡವಿದರು. ಕೆಳಗೆ ಬಂದು ನೋಡಿದರೆ ಹೆಂಡತಿಯ ತುಟಿ ನೀಲಿಯಾಗಿತ್ತು.

ಆಸ್ಪತ್ರೆಯಲ್ಲಿ ಟೈಲರಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಮಂಚದ ಪಕ್ಕಕ್ಕೇ ಮೇಷ್ಟ್ರನ್ನೂ ಮಗಳನ್ನೂ ಕರೆದರು. ಗಡಿಬಿಡಿಯಿಲ್ಲದೆ ಮಾತಾಡುವ ಹೆಂಗಸು. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಮುಂದೆ ಹೋಗಬೇಕಾದ ರಕ್ತ ಹಿಂದಕ್ಕೆ ಬರುತ್ತಿದೆ, ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿದೆ ಎಂದರು. ಮೊದಲು ನೀರು ಇಳಿಯಬೇಕು, ಆಮೇಲೆ ಶಸ್ತ್ರಚಿಕಿತ್ಸೆ. ಮುಂಚೆಯೇ ಬಂದಿದ್ದರೆ ಸುಲಭವಿತ್ತು, ಈಗ ಜೀವಕ್ಕೆ ಏನೂ ಆಗುವುದಿಲ್ಲ ಎಂದು ಮಾತು ಕೊಡಲು ಆಗುವುದಿಲ್ಲ ಎಂದೂ ಹೇಳಿದರು.

"ಸುಸ್ತು ಯಾವಾಗ್ಲಿಂದ ಇದೆ?" ಎಂದು ಮೇಷ್ಟ್ರನ್ನೇ ಕೇಳಿದರು.

ಮೇಷ್ಟ್ರು ಬಾಯಿ ತೆರೆದರು. "ಸುಸ್ತು ಅಂದ್ರೆ... ಅದು..."

"ಸುಸ್ತು ಅಂದ್ರೆ ಏನು ಅಂತ ನನಗೆ ಗೊತ್ತು. ಇವರಿಗೆ ಹೇಗೆ ಆಗ್ತಿತ್ತು ಹೇಳಿ. ನಡೆದ್ರೆ ಬರ್ತಿತ್ತಾ, ಸುಮ್ನೆ ಕೂತ್ರೂ ಇರ್ತಿತ್ತಾ? ಮಲಗಿದ್ರೆ ಉಸಿರು ಕಟ್ತಿತ್ತಾ? ಕಾಲು ಊದ್ಕೊಳ್ತಿತ್ತಾ?"

ಮೇಷ್ಟ್ರಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಹಾಸಿಗೆಯ ಮೇಲೆ ಹೆಂಡತಿಯ ಪಾದ ಹೊದಿಕೆಯಿಂದ ಈಚೆ ಬಂದಿತ್ತು, ಊದಿಕೊಂಡು ನುಣ್ಣಗೆ ಹೊಳೆಯುತ್ತಿತ್ತು. ಅದನ್ನು ಅವರು ಈಗಲೇ ನೋಡುತ್ತಿದ್ದದ್ದು. ಅದೇ ಪಾದ ಅವರ ಕಾಲಡಿಯ ಕೋಣೆಯಲ್ಲಿ ಇಷ್ಟು ದಿನ ಮೆಷಿನ್ ತುಳಿದಿತ್ತು.

ಡಾಕ್ಟರು ಟೈಲರಮ್ಮನ ಕಡೆ ತಿರುಗಿದರು. "ಇಷ್ಟೊಂದು ಆಗೋವರೆಗೂ ಮನೇಲಿ ಯಾರಿಗೂ ಹೇಳ್ಲೇ ಇಲ್ವಾಮ್ಮಾ?"

"ಹೇಳಿದ್ದೆ," ಎಂದರು ಟೈಲರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಇವ್ರು ಬರ್ಕೊಂಡ್ರು."

"ಬರ್ಕೊಂಡಿದ್ದೀರಾ? ತುಂಬಾ ಒಳ್ಳೇದಾಯ್ತು." ಡಾಕ್ಟರ ಮುಖ ಗೆಲುವಾಯಿತು. "ಎಷ್ಟೋ ಜನ ಅದನ್ನ ಮಾಡಲ್ಲ. ಯಾವಾಗ ಶುರುವಾಯ್ತು ಅಂತ ನಮಗೂ ಗೊತ್ತಾಗುತ್ತೆ. ಎಲ್ಲಿ, ಕೊಡಿ ನೋಡೋಣ."

ಆಗ ಮಗಳು ತನ್ನ ಫೋನ್ ತೆಗೆದಳು. ಪತ್ರಿಕೆಯ ಆ ಪುಟ ಹುಡುಕಿ, ಅಪ್ಪನ ಮುಖ ನೋಡದೆ, ಡಾಕ್ಟರ ಕೈಗೆ ಕೊಟ್ಟಳು.

ಡಾಕ್ಟರು ನಿಂತೇ ಓದಿದರು. ಮೊದಲ ಸಾಲುಗಳಲ್ಲಿ ಅವರ ತುಟಿಯಂಚಿನಲ್ಲಿ ನಗು ಬಂದಂತಾಯಿತು, ಅಷ್ಟು ಚೆನ್ನಾಗಿತ್ತು ಬರವಣಿಗೆ. ಆಮೇಲೆ ಆ ನಗು ಇರಲಿಲ್ಲ. ಕೊನೆಯವರೆಗೂ ಓದಿ, ಮೇಲಿದ್ದ ತಾರೀಕು ನೋಡಿ, ಅದನ್ನು ಮಾತ್ರ ತಮ್ಮ ಕಾಗದದಲ್ಲಿ ಗುರುತು ಹಾಕಿಕೊಂಡರು. ಫೋನನ್ನು ಮಗಳಿಗೆ ವಾಪಸ್ ಕೊಟ್ಟರು. ಮೇಷ್ಟ್ರಿಗೆ ಒಂದು ಮಾತೂ ಹೇಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಆ ಮಾತಿನ ಮೂಲ ಹುಡುಕಲು ಮೇಷ್ಟ್ರು ಯಾವ ಪುಸ್ತಕಕ್ಕೂ ಹೋಗಬೇಕಾಗಿರಲಿಲ್ಲ. ಆಸ್ಪತ್ರೆಯ ಆ ತಣ್ಣನೆಯ ನೆಲ ಸಾಕಿತ್ತು.

ಮರುದಿನ ಸಂಪಾದಕರ ಫೋನ್ ಬಂತು. ವಿಷಯ ಕೇಳಿ ತುಂಬಾ ಬೇಜಾರಾಯಿತು ಎಂದರು. ಧೈರ್ಯವಾಗಿರಿ ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಇದನ್ನೇ ಈ ವಾರ ಬರೀರಿ. ಸುಸ್ತಿನ ಇನ್ನೊಂದು ಮುಖ. ಓದಿದೋರ ಕಣ್ಣಲ್ಲಿ ನೀರು ಬರಬೇಕು. ನಿಮಗೂ ಮನಸ್ಸು ಹಗುರ ಆಗುತ್ತೆ," ಎಂದರು.

ಮೇಷ್ಟ್ರು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತರು. ಹೌದಲ್ಲ, ತಪ್ಪನ್ನು ಎಲ್ಲರ ಮುಂದೆ ಒಪ್ಪಿಕೊಂಡುಬಿಟ್ಟರೆ ಎನಿಸಿತು. ಔಷಧಿ ತಂದ ಕಾಗದದ ಚೀಲ ಹರಿದು, ಅದರ ಒಳಬದಿಯಲ್ಲಿ ಬರೆಯತೊಡಗಿದರು. ‘ಹಿಂದೊಮ್ಮೆ ನಾನು ಒಂದು ಪದದ ಒಂದು ಅರ್ಥವನ್ನು ಓದುಗರಿಂದ ಮುಚ್ಚಿಟ್ಟಿದ್ದೆ’ ಎಂದು ಶುರುಮಾಡಿದರು. ಓದಿ ನೋಡಿದರು. ಒಳ್ಳೆಯ ವಾಕ್ಯ. ಓದುಗ ತಟ್ಟನೆ ನಿಲ್ಲುತ್ತಾನೆ, ಮುಂದೇನು ಎನ್ನುತ್ತಾನೆ. ‘ಮುಚ್ಚಿಟ್ಟಿದ್ದೆ’ಗಿಂತ ‘ಬಚ್ಚಿಟ್ಟಿದ್ದೆ’ ವಾಸಿಯೇ ಎಂದು ಪೆನ್ನು ಎತ್ತಿ ಹಿಡಿದು ಯೋಚಿಸಿದರು. ಎದೆಯಲ್ಲಿ ಆ ಹಳೆಯ ಖುಷಿ ಸಣ್ಣಗೆ ಏಳುತ್ತಿತ್ತು, ಅಂಕಣ ಕೈಗೆ ಹತ್ತಿದಾಗ ಏಳುತ್ತಿದ್ದ ಅದೇ ಖುಷಿ.

ಅದು ಏನೆಂದು ಗುರುತು ಸಿಕ್ಕಿದ ಕೂಡಲೇ ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು. ಸಭೆಯಲ್ಲಿ ನಕ್ಕಾಗಲಾದರೂ ತಿಳಿದಿರಲಿಲ್ಲ ಎನ್ನಬಹುದಿತ್ತು. ಈಗ ಎಲ್ಲ ತಿಳಿದಿತ್ತು. ಗೋಡೆಯಾಚೆ ಹೆಂಡತಿ ಉಸಿರಿಗೆ ಒದ್ದಾಡುತ್ತಿರುವಾಗ ತಾನಿಲ್ಲಿ ಪದ ಆರಿಸುತ್ತ ಕೂತಿದ್ದೇನೆ, ಮತ್ತೆ ಅವಳನ್ನೇ ಬರೆದುಕೊಳ್ಳುತ್ತಿದ್ದೇನೆ. ನಾಚಿಕೆ ಎಂದರೆ ಮುಖ ಕೆಂಪಾಗುವುದು ಎಂದು ಅವರು ಮಕ್ಕಳಿಗೆ ಕಲಿಸಿದ್ದರು. ಅವರ ಮುಖ ಕೆಂಪಾಗಲಿಲ್ಲ. ಕಾಗದವನ್ನು ಮುದುರಿ, ಬಳಸಿದ ಹತ್ತಿ ಎಸೆಯುವ ಡಬ್ಬಿಗೆ ಹಾಕಿದರು. ಸಂಪಾದಕರಿಗೆ ಫೋನ್ ಮಾಡಿ, ಅಂಕಣ ಇನ್ನು ಇಲ್ಲ ಎಂದರು. ಅವರು ಯಾಕೆ ಎಂದು ಕೇಳುತ್ತಿದ್ದಾಗ ಫೋನ್ ಇಟ್ಟರು.

ಬಿಸಿನೀರಿನ ಫ್ಲಾಸ್ಕ್ ಹಿಡಿದು ವಾರ್ಡಿಗೆ ಬಂದಾಗ ಹೆಂಡತಿಯ ಮಂಚಕ್ಕೆ ಪರದೆ ಎಳೆದಿತ್ತು. ಒಳಗೆ ನರ್ಸ್ ಇದ್ದಳು. ಮೇಷ್ಟ್ರು ಹೊರಗೇ ನಿಂತರು.

"ಈಗ ಹೇಗನ್ನಿಸ್ತಿದೆ ಅಮ್ಮಾ?"

"ತುಂಬಾ ಸುಸ್ತು ಸಿಸ್ಟರ್."

ಮೆಟ್ಟಿಲ ತಿರುವಿನಲ್ಲಿ ಕೇಳಿದ ಮೇಲೆ ಆ ಪದವನ್ನು ಹೆಂಡತಿಯ ಬಾಯಲ್ಲಿ ಮೇಷ್ಟ್ರು ಮತ್ತೆ ಕೇಳಿದ್ದು ಇದೇ ಮೊದಲು. ಅದನ್ನು ಹೇಳಿದ್ದು ತಮಗಲ್ಲ.

"ಸುಸ್ತು ಅಂದ್ರೆ ಯಾವ ಥರ?"

"ಬಾಬಿನ್ನಲ್ಲಿ ದಾರ ಮುಗಿದೋಗಿರುತ್ತಲ್ಲ," ಎಂದರು ಟೈಲರಮ್ಮ, ನಡುನಡುವೆ ನಿಂತು ಉಸಿರೆಳೆದುಕೊಳ್ಳುತ್ತ. "ಆದ್ರೂ ಮೆಷಿನ್ ಓಡ್ತಾನೇ ಇರುತ್ತೆ. ಸೂಜಿ ಇಳಿಯುತ್ತೆ, ಏಳುತ್ತೆ. ಹೊಲಿಗೆ ಮಾತ್ರ ಬೀಳಲ್ಲ. ಆ ಥರ."

"ಯಾವಾಗ ಜಾಸ್ತಿ?"

"ಮಲಗಿದಾಗ. ನೀರಲ್ಲಿ ಮುಖ ಅದ್ದಿದ ಹಾಗಾಗುತ್ತೆ. ಮನೇಲಾದ್ರೆ ಬಟ್ಟೆ ಗಂಟಿಗೆ ಒರಗಿಕೊಂಡು ಕೂತೇ ನಿದ್ದೆ ಮಾಡ್ತಿದ್ದೆ. ಗಂಟು ಒಳ್ಳೇದು, ಜರುಗಲ್ಲ."

"ಈ ಮಂಚದ ತಿರುಪು ಬೇರೆ ಕೆಟ್ಟಿದೆ, ತಲೆ ಕಡೆ ಏಳಲ್ಲ. ಇರಿ, ಬೇರೆ ವಾರ್ಡಿಂದ ದಿಂಬು ತರ್ತೀನಿ," ಎಂದು ನರ್ಸ್ ಹೊರಬಂದಳು. ಮೇಷ್ಟ್ರನ್ನು ನೋಡಿ, ದಾರಿ ಬಿಡಿ ಸರ್ ಎಂದು ಹೋದಳು.

ಮೇಷ್ಟ್ರು ಪರದೆ ಸರಿಸಿದರು. ಹೆಂಡತಿ ಸಪಾಟಾಗಿ ಮಲಗಿದ್ದರು. ಗಂಡನನ್ನು ಕಂಡು ಮುಖದಲ್ಲಿ ನಗು ತಂದುಕೊಂಡರು. ಹಾಲಿನವನ ಮುಂದೆ, ಎದುರು ಮನೆಯಾಕೆಯ ಮುಂದೆ ನಗುತ್ತಿದ್ದರಲ್ಲ, ಅದೇ ನಗು.

"ಈಗ ಹೇಗಿದ್ದೀಯ?"

"ಆರಾಮಾಗಿದ್ದೀನಿ. ನಿಮ್ದು ಊಟ ಆಯ್ತಾ?"

ಆರಾಮ ಎಂಬ ಪದ ಎಲ್ಲಿಂದ ಬಂದದ್ದೆಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಅದೂ ಪರ್ಷಿಯನ್ನಿನ ಕಡೆಯದೇ. ಅವರು ಫ್ಲಾಸ್ಕ್ ಕೆಳಗಿಟ್ಟು, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ಏನು ಕೇಳಬೇಕೋ ತಿಳಿಯದೆ, ನರ್ಸ್ ಕೇಳಿದ್ದನ್ನೇ ಕೇಳಿದರು.

"ಮಲಗಿದ್ರೆ ಜಾಸ್ತಿ ಆಗುತ್ತಾ?"

ಟೈಲರಮ್ಮನ ಕಣ್ಣು ಗಂಡನ ಮುಖ ಬಿಟ್ಟು ಅಂಗಿಯ ಜೇಬಿಗೆ ಇಳಿಯಿತು. ಜೇಬಿನಲ್ಲಿ ಪೆನ್ನು ಇತ್ತು.

ಮೇಷ್ಟ್ರಿಗೆ ಅರ್ಥವಾಯಿತು. ಈ ಬಾರಿ ಯಾರೂ ವಿವರಿಸಬೇಕಾಗಲಿಲ್ಲ. ಪೆನ್ನು ತೆಗೆದರು. ಎಲ್ಲಿಡುವುದೆಂದು ಸುತ್ತ ನೋಡಿ, ಎದ್ದು ಹೋಗಿ ದೂರದ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ವಾಪಸ್ ಬಂದು ಸ್ಟೂಲಿನ ಮೇಲೆ ಕೂತರು. ಹೆಂಡತಿ ಖಾಲಿ ಜೇಬನ್ನೂ ಅವರ ಕೈಗಳನ್ನೂ ನೋಡುತ್ತಿದ್ದರು.

"ಜಾಸ್ತಿ ಆಗುತ್ತೆ," ಎಂದರು ಕೊನೆಗೆ.

"ಈಗ?"

"ಈಗ್ಲೂ."

ದಿಂಬು ಇನ್ನೂ ಬಂದಿರಲಿಲ್ಲ. ಮೇಷ್ಟ್ರು ಚಪ್ಪಲಿ ಬಿಟ್ಟು ಮಂಚ ಹತ್ತಿದರು. ಹೆಂಡತಿಯ ಭುಜಕ್ಕೆ ಕೈಕೊಟ್ಟು ಎತ್ತಿ ಕೂರಿಸಿ, ಹಿಂದೆ ತಾವು ಗೋಡೆಗೆ ಬೆನ್ನು ಕೊಟ್ಟು ಕೂತು, ಅವರನ್ನು ಎದೆಗೆ ಒರಗಿಸಿಕೊಂಡರು. ಟೈಲರಮ್ಮನ ಉಸಿರು ಮೊದಲು ಜೋರಾಗಿ, ಆಮೇಲೆ ಒಂದಿಷ್ಟು ನಿಧಾನವಾಗಿ ಬರತೊಡಗಿತು. ಹೆಂಡತಿಯ ಮೈಭಾರ ಇಷ್ಟು ಕಡಿಮೆಯಾಗಿದೆ ಎಂಬುದೂ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದರು.

"ಏನೂ ಹೇಳ್ಬೇಡಿ," ಎಂದರು ಟೈಲರಮ್ಮ ಕಣ್ಣು ಮುಚ್ಚಿಕೊಂಡೇ. "ಜರುಗ್ಬೇಡಿ, ಅಷ್ಟೇ."

ಮೇಷ್ಟ್ರು ಬಟ್ಟೆಯ ಗಂಟಿನ ಹಾಗೆ ಬಾಯಿ ಕಟ್ಟಿಕೊಂಡು ಕೂತರು.